ಮತ್ತೆ ಹಾಕಿದ ಮುಚ್ಚಳ

"ನಮ್ಮ ಚಿಕ್ಕಪ್ಪ ಮನೆ ಬಿಟ್ಟು ಹೊರಟಿದ್ದಾರೆ. ಸಂಜೆಗೆ ಗಾಡಿ ಹೇಳಿ ಆಗಿದೆ. ಅಷ್ಟರೊಳಗೆ ನೀವೊಂದ್ಸಲ ಬರ್ಲೇಬೇಕು," ಎಂದು ಕ್ಯಾಮೆರಾ ಕಾರ್ಖಾನೆಯವರ ಮಗಳು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಾಗ ಅತ್ತಿಗೆ ಚರ್ಮದ ಕೈಗವಸಿಗೆ ಹೆಬ್ಬೆರಳು ಹೊಲಿಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಪುಕ್ಕಟೆ ಸಲಹೆ ಕೊಡುತ್ತಿದ್ದೆ.

ಅತ್ತಿಗೆ ನನ್ನ ಅಣ್ಣನ ಹೆಂಡತಿ. ಆದರೆ ಬೀದಿಗೆಲ್ಲ ಅವರು ಅತ್ತಿಗೆಯೇ. ಕಳೆದುಹೋದ ಸಾಮಾನಾಗಲಿ, ಕೆಟ್ಟುಹೋದ ನಂಟಾಗಲಿ, ಜನ ಅವರ ಹತ್ತಿರವೇ ಬರುತ್ತಿದ್ದರು. ಠಾಣೆಯ ಸಾಹೇಬರೂ ಹಿತ್ತಲ ಬಾಗಿಲಿನಿಂದ ಬಂದು ಹೋದದ್ದುಂಟು. ನಾನು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವವನು. ಅತ್ತಿಗೆ ಬಿಡಿಸಿದ ಗಂಟುಗಳನ್ನು ಬರೆದಿಡುವುದು ಯಾರೂ ಕೇಳದೆ ನಾನೇ ತಲೆಗೆ ಕಟ್ಟಿಕೊಂಡ ಕೆಲಸ. ಮಿಕ್ಕವನ್ನೆಲ್ಲ ಮೀಸೆ ತಿರುವುತ್ತಾ ಬರೆದಿದ್ದೇನೆ. ಇದೊಂದನ್ನು ಬರೆಯಲು ಮಾತ್ರ ಮನಸ್ಸು ಬಾರದೆ ಇಷ್ಟು ವರ್ಷ ತಳ್ಳಿಕೊಂಡು ಬಂದೆ.

ದಾರಿಯುದ್ದಕ್ಕೂ ಮಗಳು ಮನೆಯ ಕತೆ ಹೇಳಿದಳು. ಕಾರ್ಖಾನೆ ಅವಳ ಅಪ್ಪ ಮತ್ತು ಚಿಕ್ಕಪ್ಪ ಸೇರಿ ಕಟ್ಟಿದ್ದು. ಬೀದಿಯವರ ಬಾಯಲ್ಲಿ ಅವರು ದೊಡ್ಡವರು, ಚಿಕ್ಕವರು. ದೊಡ್ಡವರದು ಹಿತ್ತಾಳೆ ಮತ್ತು ಗಾಜಿನ ಕೆಲಸ. ತಯಾರಾದ ಪ್ರತಿ ಕ್ಯಾಮೆರಾದಲ್ಲೂ ಮೊದಲ ಚಿತ್ರ ತೆಗೆದು ನೋಡುತ್ತಿದ್ದವರು ಅವರೇ. ಚಿಕ್ಕವರದು ಮರಗೆಲಸ. ಆಗಿನ ಕ್ಯಾಮೆರಾ ಎಂದರೆ ಒಂದರೊಳಗೊಂದು ಕೂತ ಎರಡು ಪೆಟ್ಟಿಗೆ. ಒಳಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಎದೆಯತ್ತ ಎಳೆದುಕೊಂಡರೆ ಹತ್ತಿರದ್ದು ಸ್ಪಷ್ಟವಾಗುತ್ತಿತ್ತು, ತಳ್ಳಿದರೆ ದೂರದ್ದು. ಚಿಕ್ಕವರು ಮಾಡಿದ ಪೆಟ್ಟಿಗೆಗಳು ಬೆಣ್ಣೆಯಷ್ಟು ನಯವಾಗಿ ಜಾರುತ್ತಿದ್ದವು, ಆದರೆ ಬೆಳಕಿನ ಒಂದು ಎಳೆಯನ್ನೂ ಒಳಗೆ ಬಿಡುತ್ತಿರಲಿಲ್ಲ. ಚಿತ್ರ ತೆಗೆಯುವವರು ಲೆನ್ಸಿನ ಮುಚ್ಚಳ ತೆಗೆದು, ಮನಸ್ಸಿನಲ್ಲೇ ಎಣಿಸಿ, ಮತ್ತೆ ಮುಚ್ಚಳ ಹಾಕಬೇಕು. ಅಲ್ಲಿಯವರೆಗೆ ಎದುರಿಗೆ ಕೂತವರು ಕಲ್ಲಾಗಿರಬೇಕು.

ಮಗಳ ಗಂಡ ಈ ಎರಡನ್ನೂ ಬದಲಿಸಿದ್ದ. ಪೆಟ್ಟಿಗೆಗಳ ಬದಲು ಮುಂದೊಂದು ಹಲಗೆ, ಹಿಂದೊಂದು ಚೌಕಟ್ಟು, ನಡುವೆ ಮಡಿಕೆ ಮಡಿಕೆಯಾದ ಚರ್ಮದ ತಿದಿ. ಚೌಕಟ್ಟು ಹಿತ್ತಾಳೆಯ ಹಲ್ಲುಪಟ್ಟಿಯ ಮೇಲೆ ಕೂತಿತ್ತು; ಬದಿಯ ತಿರುಪು ತಿರುಗಿಸಿದರೆ ಮಾತ್ರ ಕೂದಲೆಳೆಯಷ್ಟು ಅತ್ತಿತ್ತ ಸರಿಯುತ್ತಿತ್ತು. ಇನ್ನು ಲೆನ್ಸಿನೊಳಗೆ ಸ್ಪ್ರಿಂಗಿನ ಷಟರ್. ಒತ್ತಿದರೆ ತೆರೆದು ತಾನೇ ಮುಚ್ಚಿಕೊಳ್ಳುವ ಅದನ್ನು ಅಳಿಯ ರೆಪ್ಪೆ ಎಂದು ಕರೆಯುತ್ತಿದ್ದ. ಹಾರುವ ಹಕ್ಕಿಯ ಚಿತ್ರ ಬೇಕೆಂದು ಒಬ್ಬ ಪಂಡಿತರು ಅದನ್ನು ನೋಡಲು ಬರುವವರಿದ್ದರು.

"ಹೋದ ವಾರ ಅಪ್ಪ ಎಲ್ಲರ ಎದುರಿಗೇ ಚಿಕ್ಕಪ್ಪಂಗೆ ಅಂದ್ಬಿಟ್ರು, 'ಇನ್ನು ಪೆಟ್ಟಿಗೆ ಕೆಲಸ ಸಾಕು ಕಣೋ. ಈ ಹೊಸದನ್ನ ನೀನು ಮುಟ್ಟಲೂಬೇಡ. ನಿನ್ನ ಕೈ ಹಳೇದನ್ನ ಮರೆಯಲ್ಲ' ಅಂತ. ಚಿಕ್ಕಪ್ಪಂಗೆ ಸಿಟ್ಟು ನೆತ್ತಿಗೇರ್ತು. 'ಇದು ಕ್ಯಾಮೆರಾನೋ ಕಮ್ಮಾರನ ತಿದಿನೋ? ನನ್ನ ಕೈಗೆ ಸಿಕ್ರೆ ಹರಿದು ಹಾಕ್ತೀನಿ' ಅಂದ್ರು. ನಿನ್ನೆ ಮಧ್ಯಾಹ್ನ ನಾವು ಗಂಡ ಹೆಂಡ್ತಿ ಪೇಟೆಗೆ ಹೋಗಿ ಬರೋಷ್ಟರಲ್ಲಿ ತಿದಿ ಹರಿದಿತ್ತು."

"ನಿಮ್ಮಪ್ಪ ಎಲ್ಲಿದ್ರು?"

"ಮೇಲೆ ಮಲಗಿದ್ರಂತೆ. ಚಿಕ್ಕಪ್ಪ ಅಂಗಳದಲ್ಲಿ ಹಲಗೆ ನಯ ಮಾಡೋಕೆ ಉಜ್ಜುಗೊರಡು ಹಾಕ್ತಿದ್ರಂತೆ. ನೋಡಿದವರು ಯಾರೂ ಇಲ್ಲ. ನಮ್ಮ ಮನೆಯವರು ಚಿಕ್ಕಪ್ಪನ ಮೇಲೆ ಬಾಯಿಗೆ ಬಂದ ಹಾಗೆ ಕೂಗಾಡಿದ್ರು. ಅಪ್ಪ ತಲೆ ಬಗ್ಗಿಸಿ ಕೂತಿದ್ರು, ಒಂದು ಮಾತಾಡ್ಲಿಲ್ಲ. ಚಿಕ್ಕಪ್ಪ ಅಪ್ಪನ ಮುಖಾನೇ ನೋಡ್ತಾ ನಿಂತಿದ್ರು. ಆಮೇಲೆ ಹೋಗಿ ಉಳಿಗಳನ್ನ ಚೀಲಕ್ಕೆ ತುಂಬಿಸೋಕೆ ಶುರು ಮಾಡಿದ್ರು." ಅವಳು ನಡಿಗೆ ಚುರುಕು ಮಾಡಿದಳು. "ನನ್ನನ್ನ ಎತ್ತಿ ಆಡಿಸಿದ ಕೈ ಅದು. ಅವರು ಮಾಡಿಲ್ಲ ಅತ್ತಿಗೆ."

ಕ್ಯಾಮೆರಾಗಳನ್ನು ಪರೀಕ್ಷಿಸುವ ಕೋಣೆಗೆ ಅಂಗಳದತ್ತ ತೆರೆಯುವ ಕಿಟಕಿಯಿತ್ತು. ಮೆರುಗೆಣ್ಣೆಯ ವಾಸನೆ, ಗೋಡೆಯುದ್ದಕ್ಕೂ ಹಳೆಯ ಪೆಟ್ಟಿಗೆ ಕ್ಯಾಮೆರಾಗಳು. ಕಿಟಕಿಯ ಹತ್ತಿರವೇ ಮುಕ್ಕಾಲಿಯ ಮೇಲೆ ಆ ಹೊಸದು, ಅಂಗಳದತ್ತ ಮುಖ ಮಾಡಿ ನಿಂತಿತ್ತು. ತಿದಿಯ ಹಿಂಭಾಗ ಚೌಕಟ್ಟಿನಿಂದ ಕಿತ್ತು ಜೋತಾಡುತ್ತಿತ್ತು. ಅಳಿಯ ಕೈಕಟ್ಟಿ ನಿಂತಿದ್ದ; ಸರಿಯಾಗಿ ನಿದ್ದೆ ಮಾಡಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು.

"ಬಂದು ನೋಡಿದಾಗ ಹೇಗಿತ್ತೋ ಹಾಗೇ ಇದೆ," ಎಂದ ಅವನು. "ಕಿಟಕಿ ಕೂಡ ಹೀಗೇ ತೆರೆದಿತ್ತು. ಇಲ್ನೋಡಿ, ಚಿಕ್ಕ ಮಾವನ ಗುರುತು." ಕ್ಯಾಮೆರಾದ ಕೆಳಗೆ, ಕಿಟಕಿಯ ಕಟ್ಟೆಯ ಮೇಲೆ, ಮರದ ಹೆರೆಗಳು ಸುರುಳಿ ಸುರುಳಿಯಾಗಿ ಬಿದ್ದಿದ್ದವು. ನನಗೆ ಅಷ್ಟೇ ಸಾಕಾಗಿತ್ತು. ಪಾಪದ ಚಿಕ್ಕವರ ಕತೆ ಮುಗಿಯಿತು ಎಂದುಕೊಂಡೆ.

ಅತ್ತಿಗೆ ಹರಿದ ಚರ್ಮದ ಅಂಚನ್ನು ಬೆರಳಿನಿಂದ ಸವರಿದರು. "ಚಾಕು ಹಾಕಿಲ್ಲ. ಹೊಲಿಗೆಯ ಬಾಯಿ ಬಿಟ್ಟಿದೆ, ಎಡಕ್ಕೂ ಬಲಕ್ಕೂ ಒಂದೇ ಸಮ," ಎಂದರು. ಆಮೇಲೆ ಬಗ್ಗಿ ತಿರುಪನ್ನು ನೋಡಿದರು. ಹಲ್ಲುಪಟ್ಟಿಯ ಕೆಲವು ಹಲ್ಲುಗಳು ಮುರಿದು ಹಿಂದಕ್ಕೆ ಬಾಗಿದ್ದವು. ಕೊನೆಗೆ ಕ್ಯಾಮೆರಾದ ಮುಂದೆ ಹೋಗಿ ನಿಂತು ಕೇಳಿದರು, "ಈ ಮುಚ್ಚಳ ಹಾಕಿದ್ದು ನೀನಾ?"

ಲೆನ್ಸಿನ ಮೇಲೆ ಹಿತ್ತಾಳೆಯ ಮುಚ್ಚಳ ಅಚ್ಚುಕಟ್ಟಾಗಿ ಕೂತಿತ್ತು.

"ನಾನ್ಯಾಕೆ ಹಾಕ್ಲಿ? ರೆಪ್ಪೆ ಇದ್ಮೇಲೆ ಮುಚ್ಚಳದ ಕೆಲಸ ಏನು? ಅದು ಡ್ರಾಯರಲ್ಲಿ ಬಿದ್ದಿತ್ತು."

"ಇದು?" ಮೇಜಿನ ಮೇಲೆ, ಚಿತ್ರ ಮೂಡುವ ಗಾಜಿನ ಫಲಕವನ್ನು ಬೆಳಕು ತಾಗದಂತೆ ಇಡುವ ಚಪ್ಪಟೆ ಮರದ ಹೊದಿಕೆಯಿತ್ತು, ಅದರ ಜಾರುಬಾಗಿಲು ಮುಚ್ಚಿತ್ತು.

"ಒಳಗಿರೋದು ಹೊಸ ಗಾಜು. ಹೊರಡೋ ಮುಂಚೆ ನಾನೇ ಲೇಪ ಹಾಕಿ, ಕ್ಯಾಮೆರಾದೊಳಗೆ ಇಟ್ಟಿದ್ದೆ," ಎಂದಳು ಮಗಳು. "ಹರಿದವರು ಕಿತ್ತು ಆಚೆ ಇಟ್ಟಿರ್ಬೇಕು. ಚಿತ್ರ ಏನೂ ತೆಗೆದಿಲ್ಲ, ಖಾಲಿನೇ ಇದೆ."

"ಕಿತ್ತವರು ಬಾಗಿಲು ಮುಚ್ಚಿ, ಮೇಜಿನ ಮೇಲೆ ಜೋಪಾನವಾಗಿ ಮಲಗಿಸಿದ್ದಾರಲ್ಲಮ್ಮ. ಕತ್ತಲೆ ಕೋಣೆಗೆ ತಗೊಂಡು ಹೋಗಿ ತೊಳಿ. ಏನು ಬರುತ್ತೋ ನೋಡೋಣ. ಸಂಜೆ ಎಲ್ಲರೂ ಇಲ್ಲಿ ಸೇರ್ಬೇಕು, ಅಲ್ಲಿಯವರೆಗೆ ಯಾರಿಗೂ ತೋರಿಸ್ಬೇಡ."

ಎಲ್ಲರನ್ನೂ ಸೇರಿಸಿ ಹೇಳುವುದು ಅತ್ತಿಗೆಯ ಪದ್ಧತಿ. ನನಗೋ ಅದೆಂದರೆ ಹಬ್ಬ. ಯಾರ ಮುಖ ಎಲ್ಲಿ ಬಾಡುತ್ತದೆಂದು ನೋಡಲು ಮೂಲೆಯ ಸ್ಟೂಲು ಹಿಡಿದು ಕೂತುಬಿಡುತ್ತಿದ್ದೆ. ಅವತ್ತೂ ಹಾಗೇ ಕೂತೆ.

ಸಂಜೆ ಚಿಕ್ಕವರು ಚೀಲ ಹೆಗಲಿಗೇರಿಸಿಕೊಂಡೇ ಬಂದು ಬಾಗಿಲಿಗೆ ಒರಗಿ ನಿಂತರು. ಕುಳ್ಳಗಿನ, ಗಟ್ಟಿ ತೋಳಿನ ಮನುಷ್ಯ. ದೊಡ್ಡವರು ಕುರ್ಚಿಯಲ್ಲಿ ಕೂತು ಮುಂಗೈಯ ಗುಂಡಿಯನ್ನು ತಿರುಗಿಸುತ್ತಿದ್ದರು. 

"ಇದು ಸಿಟ್ಟಿನ ಕೆಲಸ ಅಲ್ಲ," ಎಂದು ಅತ್ತಿಗೆ ಆರಂಭಿಸಿದರು. "ಸಿಟ್ಟಿನಲ್ಲಿ ಹರಿಯೋರು ಕೈಗೆ ಸಿಕ್ಕಲ್ಲಿ ಹರೀತಾರೆ. ಇಲ್ಲಿ ಯಾರೋ ಹಿಂದಿನ ಚೌಕಟ್ಟನ್ನ ಎರಡೂ ಕೈಯಲ್ಲಿ ಹಿಡಿದು ನೇರವಾಗಿ ಎದೆಗೆ ಎಳ್ಕೊಂಡಿದ್ದಾರೆ. ಅದಕ್ಕೇ ಹೊಲಿಗೆ ಸಮವಾಗಿ ಬಿಟ್ಟಿದೆ, ಹಲ್ಲುಗಳು ಹಿಂದಕ್ಕೆ ಬಾಗಿವೆ. ತಿರುಪು ತಿರುಗಿಸ್ಬೇಕು ಅನ್ನೋದು ಅವರಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಚಿತ್ರ ತೆಗೆದು ಮುಚ್ಚಳಾನೂ ಹಾಕಿದ್ದಾರೆ. ರೆಪ್ಪೆ ಆಗಲೇ ಮುಚ್ಚಿಕೊಂಡಿದೆ, ಆದ್ರೂ ಕೈ ಬಿಡಲಿಲ್ಲ. ಇದು ಹಳೇ ಕ್ಯಾಮೆರಾದ ಜೊತೆ ಬಾಳಿದವರ ಕೈ."

ಎಲ್ಲರ ಕಣ್ಣೂ ಚಿಕ್ಕವರ ಮೇಲೆ ಬಿತ್ತು. "ನಾನು ಹೇಳಿದ್ದೇನು?" ಎಂದ ಅಳಿಯ.

"ತಡಿ. ನೀನು ನಿನ್ನೆ ಅವಸರ ಮಾಡಿದ್ದು ಸಾಕು." ಅತ್ತಿಗೆ ಮಗಳತ್ತ ಕೈಚಾಚಿದರು. ಅವಳು ತೊಳೆದ ಗಾಜನ್ನು ತಂದು ಕಪ್ಪು ಬಟ್ಟೆಯ ಮೇಲೆ ಓರೆಯಾಗಿ ಹಿಡಿದಳು. ತಿರುಗುಮುರುಗಾದ ಕಪ್ಪುಬಿಳುಪು ಆಗ ಸರಿಹೋಗಿ ಚಿತ್ರ ಎದ್ದು ಕಂಡಿತು.

ಅಂಗಳದಲ್ಲಿ ಚಿಕ್ಕವರು ಹಲಗೆಯ ಮೇಲೆ ಬಾಗಿ ಉಜ್ಜುಗೊರಡು ನೂಕುತ್ತಿದ್ದರು. ತುಟಿ ಕಚ್ಚಿದ್ದರು. ಉಜ್ಜುಗೊರಡಿನ ಬಾಯಿಂದ ಎದ್ದ ಮರದ ಹೆರೆ ಗಾಳಿಯಲ್ಲಿ ಸುರುಳಿಯಾಗಿ ನಿಂತುಬಿಟ್ಟಿತ್ತು. ಅಂಥ ಚಿತ್ರವನ್ನು ನಾನು ಅದುವರೆಗೆ ಕಂಡಿರಲಿಲ್ಲ. ದುಡಿಯುವ ಮನುಷ್ಯ ದುಡಿಯುತ್ತಲೇ ಇದ್ದ.

"ಗಾಜು ಇಟ್ಟಿದ್ದು ಇವರು ಪೇಟೆಗೆ ಹೋಗೋ ಮುಂಚೆ," ಎಂದರು ಅತ್ತಿಗೆ. "ಹರಿದ ತಿದಿಯಲ್ಲಿ ಇಷ್ಟು ಸ್ಪಷ್ಟವಾದ ಚಿತ್ರ ಬರಲ್ಲ, ಬೆಳಕು ನುಗ್ಗಿ ಎಲ್ಲಾ ಮಸಿಯಾಗ್ತಿತ್ತು. ಹಾಗಾಗಿ ಚಿತ್ರ ಮೊದಲು, ಹರಿದದ್ದು ಆಮೇಲೆ. ಚಿತ್ರ ತೆಗೆದವರು ಕ್ಯಾಮೆರಾನ ಸರಿಯಾಗೇ ಬಿಟ್ಟು ಹೋಗಿದ್ರೆ ನಿನ್ನೆ ಆ ಕೂಗಾಟದಲ್ಲೇ ಬಾಯಿ ಬಿಡ್ತಿದ್ರು. ಬಿಡಲಿಲ್ಲ. ಅಂದ್ರೆ ತೆಗೆದವರೂ ಅವರೇ, ಎಳೆದವರೂ ಅವರೇ. ಹೆರೆಗಳು ಒಳಗೆ ಬಿದ್ದದ್ದು ಚಿತ್ರಕ್ಕೆ ಅಂತ ಕಿಟಕಿ ತೆರೆದಿದ್ದರಿಂದ, ಗಾಳಿಗೆ. ಇನ್ನು ಈ ಮನೆಯಲ್ಲಿ ಹಳೇ ಕೈ ಇರೋದು ಇಬ್ಬರದೇ. ಒಬ್ಬರು ಕ್ಯಾಮೆರಾದ ಎದುರಿಗಿದ್ದಾರೆ."

ಇನ್ನೊಬ್ಬರ ಹೆಸರನ್ನು ಅವರು ಹೇಳಲಿಲ್ಲ. ದೊಡ್ಡವರ ಬೆರಳು ಗುಂಡಿಯ ಮೇಲೆ ನಿಂತುಹೋಗಿತ್ತು.

"ಅಪ್ಪಾ?" ಎಂದಳು ಮಗಳು.

"ರೆಪ್ಪೆ ಹೇಗೆ ಕೆಲಸ ಮಾಡುತ್ತೆ ನೋಡ್ಬೇಕು ಅನಿಸ್ತು," ಎಂದರು ದೊಡ್ಡವರು. ದನಿ ನೆಲದಿಂದ ಎದ್ದು ಬಂದಂತಿತ್ತು. "ಒಂದು ತೆಗೆದೆ. ಇನ್ನೊಂದು, ಅವನ ಮುಖ ದೊಡ್ಡದಾಗಿ ಬರ್ಲಿ, ಹತ್ತಿರದಿಂದ ತೆಗೆಯೋಣ ಅಂತ ಮುಕ್ಕಾಲಿಯನ್ನ ಕಿಟಕಿ ಹತ್ತಿರಕ್ಕೆ ಸರಿಸಿದೆ. ಮುಚ್ಚಳ ತೆಗೆದು, ರೆಪ್ಪೆ ತೆರೆದಿಟ್ಟು, ಹಿಂದಿನ ಮಸುಕು ಗಾಜಲ್ಲಿ ಅವನ ಮುಖ ನೋಡ್ತಾ ನೋಡ್ತಾ ಕೈ ತಾನೇ ಎಳೀತು. ಚಟ್ ಅಂತು. ಗಾಬರೀಲಿ ರೆಪ್ಪೆ ಮುಚ್ಚಿ, ಮತ್ತೆ ಮುಚ್ಚಳ ಹಾಕ್ಬಿಟ್ಟೆ."

ಅಳಿಯ ಸ್ಟೂಲಿನ ಮೇಲೆ ಕುಸಿದು ಕೂತ. "ಮಾವ, ನೀವು ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ. ನಾನು ಹೊಲಿದು ಸರಿ ಮಾಡ್ತಿದ್ದೆ. ನಾನು ಚಿಕ್ಕ ಮಾವಂಗೆ ಏನೇನೋ ಅಂದ್ಬಿಟ್ಟೆ..."

"ಹೇಗೆ ಹೇಳ್ಲಿ? ಎಲ್ಲರ ಮುಂದೆ ಅವನಿಗೆ ನಿನ್ನ ಕೈ ಮರೆಯಲ್ಲ ಅಂದಿದ್ದೆ."

ಬಾಗಿಲ ಬಳಿ ಚಿಕ್ಕವರು ಕೆಮ್ಮಿದರು. ಅವರು ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ.

"ಕೈ ಮರೀಲಿಲ್ಲ ಅಂತ ನನಗೇನೂ ಬೇಜಾರಿಲ್ಲಣ್ಣ. ನನ್ನ ಕೈಯೂ ಮರೆಯಲ್ಲ. ನೀನು ಬಂದು ಹೇಳಿದ್ರೆ ಇಬ್ರೂ ಕೂತು ನಗ್ತಿದ್ವಿ. ಆದ್ರೆ ನಿನ್ನೆ ಇವನು ನನ್ನನ್ನ ಕಳ್ಳನ ಹಾಗೆ ನಿಲ್ಲಿಸಿ ಕೂಗಾಡ್ವಾಗ ನಾನು ನಿನ್ನ ಮುಖಾನೇ ನೋಡ್ತಿದ್ದೆ. ನೀನು ಗುಂಡಿ ತಿರುಗಿಸ್ತಾ ಕೂತಿದ್ದೆ." ಅವರು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡರು. "ಇವತ್ತೂ ಈ ಅಮ್ಮ ಬಂದು ಹೇಳಿದ ಮೇಲೆ ಬಾಯಿ ಬಿಟ್ಟೆ."

ಮಗಳು ಅವರ ತೋಳು ಹಿಡಿದುಕೊಂಡಳು. ಅವರು ಅವಳ ತಲೆ ಸವರಿ, ಮೆಲ್ಲಗೆ ಅವಳ ಕೈ ಬಿಡಿಸಿ, ಹೊರಗೆ ಹೋದರು. ಗಾಡಿ ಆಗಲೇ ಬಂದು ನಿಂತಿತ್ತು. ಚೀಲ ಇಟ್ಟ ಸದ್ದು ಕೇಳಿತು, ಆಮೇಲೆ ಚಕ್ರಗಳ ಸದ್ದು.

 ಅತ್ತಿಗೆಗೆ ಕೊನೆಯ ಒಂದು ಗಂಟು ಉಳಿದಿತ್ತು. ಎಲ್ಲವನ್ನೂ ಬಿಡಿಸಿ ಮುಗಿಸುವ ಅಭ್ಯಾಸ ಅವರದು, ಅದನ್ನೂ ಕೇಳಿದರು.

"ಒಂದು ನನಗೆ ಅರ್ಥ ಆಗ್ಲಿಲ್ಲ. ಈ ಗಾಜು ಒಂದಿಲ್ಲದಿದ್ರೆ ನನ್ನ ಕೈಯಲ್ಲಿ ಏನೂ ಇರ್ತಿರಲಿಲ್ಲ. ಜಾರುಬಾಗಿಲು ತೆಗೆದು ಬೆಳಕಿಗೆ ಹಿಡಿದಿದ್ರೆ ಸಾಕಿತ್ತು, ಇಲ್ಲ ನೆಲಕ್ಕೆ ಬೀಳಿಸಿದ್ರೆ ಸಾಕಿತ್ತು. ಯಾಕೆ ಹಾಗೇ ಇಟ್ರಿ?"

ದೊಡ್ಡವರು ಮೊದಲ ಸಲ ತಲೆಯೆತ್ತಿದರು.

"ಹೇಗಮ್ಮ ಒಡೀಲಿ?" ಎಂದರು. "ಅದ್ರಲ್ಲಿ ಅವನಿದ್ದ."

ಮಗಳು ಬೀದಿಗೆ ಓಡಿದಳು. ಅಳಿಯನೂ ಓಡಿದ. ನಾನು ಕಿಟಕಿಯಿಂದ ನೋಡಿದೆ. ಅವರಿಬ್ಬರೂ ಬೀದಿಯ ತುದಿಯವರೆಗೆ ಹೋಗಿ, ಅತ್ತ ಇತ್ತ ನೋಡಿ, ಅಲ್ಲೇ ನಿಂತರು.

ಆಮೇಲೆ ಅಳಿಯ ತಿದಿಯನ್ನು ಸರಿಮಾಡಿದ, ಪಂಡಿತರಿಗೆ ಹಕ್ಕಿಯ ಚಿತ್ರವೂ ಸಿಕ್ಕಿತು. ಚಿಕ್ಕವರು ಬೇರೆ ಊರಿನಲ್ಲಿ ಕುರ್ಚಿ ಮೇಜು ಮಾಡುತ್ತಾರೆಂದು ಕೇಳಿದೆವು. ಮಗಳು ಎರಡು ಸಲ ಹೋಗಿ ಕರೆದಳು, ಅವರು ಬರಲಿಲ್ಲ. ಮೂರನೆಯ ಸಲ ಅವಳು ಹೋದದ್ದು ಅವರು ತೀರಿಕೊಂಡ ಮನೆಗೆ. ಆ ಗಾಜಿನ ಚಿತ್ರವನ್ನು ಜೊತೆಗೆ ಒಯ್ದು ತೋರಿಸಿದ್ದಳೋ ಇಲ್ಲವೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ಅವತ್ತು ಮನೆಗೆ ನಡೆಯುವಾಗ ಅತ್ತಿಗೆ ನನಗಿಂತ ಮುಂದೆ ಮುಂದೆ ಹೋಗುತ್ತಿದ್ದರು. "ಎಂಥಾ ಲೆಕ್ಕಾಚಾರ ಅತ್ತಿಗೆ," ಎಂದೆ ನಾನು, ಅವರನ್ನು ನಗಿಸಲು.

"ಸುಮ್ನಿರೋ," ಎಂದರು. "ಆ ಕೊನೇ ಪ್ರಶ್ನೆನ ನಾನು ಅವರು ಗಾಡಿ ಹತ್ತೋ ಮೊದಲು ಕೇಳ್ಬೇಕಿತ್ತು."

ಅಲ್ಲಿಂದಾಚೆಗೆ ಅತ್ತಿಗೆ ಎಲ್ಲರನ್ನೂ ಸೇರಿಸಿ ಏನನ್ನೂ ಹೇಳಲಿಲ್ಲ.