ಬಹಿಷ್ಕಾರದ ನಾಯಕ ಗೇಮ್ ಆಡುತ್ತಿದ್ದ

ಮೀನು ಹಿಡಿಯೋ ಕೊಕ್ಕೆಯ ತುದಿ ನನ್ನ ಗಂಟಲಿಗೆ ತಾಗಿ ನಿಂತಿತ್ತು.

"ಆ ಫೋಟೊ ಅಳಿಸು."

ಕೊಕ್ಕೆ ಹಿಡಿದಿದ್ದವನು ಎವಾರಿಸ್ತೊ. ವಯಸ್ಸು ಅರವತ್ತೆಂಟು. ವಾಲ್ಪರೈಸೊ ಬಂದರಿನಲ್ಲಿ ಮೂವತ್ತು ವರ್ಷ ಕ್ರೇನ್ ಓಡಿಸಿದ ಕೈ... ಒಂದು ಚೂರೂ ಅಲುಗಲಿಲ್ಲ.

ನಾನು ನಿಯೆವೆಸ್. ಊರಿನವರ ಗುಟ್ಟು ಕೆದಕಿ ಹೊಟ್ಟೆ ಹೊರೆಯೋಳು. ಈ ಸಲ ಕರೆಸಿದ್ದು ಒಂದು ವಿಡಿಯೊ ಗೇಮ್ ಕಂಪನಿ. ಗೇಮ್ ಸಿದ್ಧವಾದ ವಾರವೇ ಅವರು ಅದರ ಚಿತ್ರ ಬರೆದ ನಲವತ್ತು ಜನರನ್ನ ಮನೆಗೆ ಕಳಿಸಿದ್ದರು. ಗೇಮಿನಿಂದ ಅವರ ಹೆಸರನ್ನೂ ಒರೆಸಿ ಹಾಕಿದ್ದರು.

ಆ ನಲವತ್ತರಲ್ಲಿ ಒಬ್ಬಳು ಎವಾರಿಸ್ತೊನ ಮಗಳು ಮೈತೆ.

ಅಪ್ಪ ಚೌಕದಲ್ಲಿ ನಿಂತ. ಯಾರೂ ಇದನ್ನ ಕೊಳ್ಳಬೇಡಿ ಅಂದ. ಕೊಳ್ಳಲ್ಲ ಅಂತ ಒಂಬತ್ತು ಸಾವಿರ ಜನ ಸಹಿ ಹಾಕಿದರು.

"ಆ ಮುದುಕನ ಹುಳುಕು ಏನಾದ್ರೂ ಹುಡುಕ್ಕೊಂಡು ಬಾ," ಅಂದಿದ್ದ ಕಂಪನಿಯ ಇನೊಸ್ತ್ರೋಸ.

ಸಿಕ್ಕಿತ್ತು. ಹಗಲು ಹನ್ನೊಂದಕ್ಕೆ ಕಿಟಕಿಯಿಂದ ತೆಗೆದ ಫೋಟೊ. ಬಹಿಷ್ಕಾರದ ನಾಯಕ ಮಗಳ ಕೋಣೆಯಲ್ಲಿ ಕೂತು ಅದೇ ಗೇಮ್ ಆಡುತ್ತಿದ್ದ!

"ಯಾಕೆ ಕೊಂಡ್ರಿ, ಎವಾರಿಸ್ತೊ ಅವರೇ?"

ಕೊಕ್ಕೆ ಇಳಿಯಿತು.

"ಬಾ... ನೀನೇ ನೋಡು."

ಸ್ಕ್ರೀನಿನಲ್ಲಿ ಗುಡ್ಡದ ಬೀದಿ. ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು.

"ನನ್ನ ಹೆಂಡತಿ. ತೀರಿಹೋಗಿ ಆರು ವರ್ಷ ಆಯ್ತು. ಮೈತೆ ಅವಳ ಮುಖಾನೇ ಬರೆದವ್ಳೆ. ನೋಡಬೇಕು ಅನ್ನಿಸ್ತು ಕಣಮ್ಮ... ಮಗಳಿಗೂ ಹೇಳಿಲ್ಲ."

ಮುದುಕನ ಮೇಲೆ ಕನಿಕರ ಹುಟ್ಟಿತು. ನನ್ನ ಕಸುಬಿಗೆ ಅದು ಒಳ್ಳೇದಲ್ಲ.

ಅಷ್ಟರಲ್ಲಿ ಬಾಗಿಲು ಒದ್ದುಕೊಂಡು ಇಬ್ಬರು ನುಗ್ಗಿದರು. ಇನೊಸ್ತ್ರೋಸನ ಆಳುಗಳು. ನನ್ನ ಮೇಲೂ ಅವನಿಗೆ ನಂಬಿಕೆ ಇರಲಿಲ್ಲ ಅಂತಾಯ್ತು. ಇಬ್ಬರೂ ಸ್ಕ್ರೀನ್ ನೋಡಿ ಹಲ್ಲು ಕಿಸಿದರು.

"ಫೋನ್ ಕೊಡು ನಿಯೆವೆಸ್."

"ಮನೇಲಿ ಬಿಟ್ಟು ಬಂದೆ."

ಕೈಯಲ್ಲೇ ಇತ್ತು. ಹಿಂದಿನ ಕಿಟಕಿಯಿಂದ ಹಾರಿದೆ.

ಗುಡ್ಡ ಇಳಿಯೋಕೆ ಇನ್ನೂರು ಮೆಟ್ಟಿಲು. ನಾನು ಅದರ ಮೇಲೆ ಬಿದ್ದು ಎದ್ದು ಬೆಳೆದವಳು. ಅವರದು ಹೊಳೆಯೋ ಬೂಟು. ಒಬ್ಬ ಮೂವತ್ತನೇ ಮೆಟ್ಟಿಲಲ್ಲೇ ಜಾರಿ ಕೂತುಬಿಟ್ಟ. ಇನ್ನೊಬ್ಬ ನನ್ನ ಜಾಕೆಟ್ ಹಿಡಿದ... ಜಾಕೆಟ್ ಅವನಿಗೇ ಬಿಟ್ಟೆ.

ಮೀನು ಮಾರ್ಕೆಟ್ಟಿನಲ್ಲಿ ನಿಂತು ಫೋಟೊ ಅಳಿಸಿದೆ. ಮುದುಕನಿಗೆ ಫೋನ್ ಮಾಡಿದೆ.

"ಅವರು ಕಣ್ಣಾರೆ ನೋಡಿದಾರೆ. ಊರಿಗೆಲ್ಲ ಸಾರ್ತಾರೆ. ಅದಕ್ಕೆ ಮುಂಚೆ ನೀವೇ ಹೇಳಿಬಿಡಿ."

"ಮಾನ ಹೋಗುತ್ತೆ ಕಣಮ್ಮ."

"ಅವರು ಹೇಳಿದ್ರೆ ಪೂರ್ತಿ ಹೋಗುತ್ತೆ. ನೀವು ಹೇಳಿದ್ರೆ ಅರ್ಧ ಉಳಿಯುತ್ತೆ."

ಸಂಜೆ ಐದಕ್ಕೆ ಮುದುಕ ಚೌಕದಲ್ಲಿ ಮೈಕ್ ಹಿಡಿದ.

"ನಾನೂ ಕೊಂಡೆ. ಹೆಂಡತಿ ಮುಖ ನೋಡಿದೆ. ಈಗ ವಾಪಸ್ ಮಾಡ್ತಿದೀನಿ."

ಎಲ್ಲರ ಎದುರೇ ಫೋನಿನಲ್ಲಿ ಗುಂಡಿ ಒತ್ತಿದ. ಮೈತೆ ಜನರ ನಡುವಿನಿಂದ ಬಂದು ಅಪ್ಪನ ಪಕ್ಕ ನಿಂತಳು.

"ಕೇಳಿದ್ರೆ ಅಮ್ಮನ ಚಿತ್ರ ನಾನೇ ಕೊಡ್ತಿದ್ನಲ್ಲಪ್ಪ."

ಹಿಂದೆ ಯಾರೋ ಕೆಮ್ಮಿದರು.

"ನಾನೂ... ಕೊಂಡಿದೀನಿ."

ಆಮೇಲೆ ಇನ್ನೊಬ್ಬ. ಆಮೇಲೆ ಹತ್ತು ಜನ. ಕೊನೆಗೆ ಯಾರಿಗೂ ನಗು ತಡೆಯಲಾಗಲಿಲ್ಲ. ಸಹಿ ಹಾಕಿದವರಲ್ಲಿ ಅರ್ಧಕ್ಕರ್ಧ ಕದ್ದು ಕೊಂಡಿದ್ದರು! ಹದಿನಾಲ್ಕು ದಿನದೊಳಗೆ ವಾಪಸ್ ಮಾಡಬಹುದು ಅನ್ನೋದು ಕಂಪನಿಯದೇ ನಿಯಮ. ಅವತ್ತು ಸಂಜೆಯೇ ಸಾವಿರಗಟ್ಟಲೆ ಗೇಮುಗಳು ವಾಪಸಾದವು.

ಮೂರನೇ ದಿನ ಆ ನಲವತ್ತು ಹೆಸರು ಗೇಮಿಗೆ ಮರಳಿ ಬಂದವು. ಕೆಲಸ ಮರಳಲಿಲ್ಲ. ಮುದುಕ ಈಗಲೂ ಚೌಕದಲ್ಲಿ ನಿಲ್ಲುತ್ತಾನೆ.

ಇನೊಸ್ತ್ರೋಸ ಫೋನ್ ಮಾಡಿದ.

"ಇನ್ಮೇಲೆ ಈ ಊರಲ್ಲಿ ಒಬ್ಬನೂ ನಿನಗೆ ಕೆಲಸ ಕೊಡಲ್ಲ. ನೋಡ್ತಿರು."

"ಹಾಕಿ ಸರ್, ಬಹಿಷ್ಕಾರ ಹಾಕಿ. ನನ್ನಿಂದ ಕೆಲಸ ಬೇಕಾಗಿ ಬರೋವಾಗ ಮಾತ್ರ ಹಿಂಬಾಗಿಲಿಂದ ಬನ್ನಿ... ಎಲ್ಲರೂ ಹಾಗೇ ಬರೋದು."