ಮೊಸಳಿಯ ಅಪ್ಪಣೆ

ಮಾನ್ವಿಯ ಅಕ್ಕಿ ಗಿರಣಿಯಿಂದ "ಮೋಟಾರು ಸುಟ್ಟದ, ಲಗೂನ ಬಾ" ಎಂದು ಸುದ್ದಿ ಬಂದಾಗ ಗದ್ದೆಪ್ಪ ದೊಡ್ಡ ಪಾನಾ, ಸುತ್ತಿಗೆ ಎಲ್ಲ ಚೀಲಕ್ಕೆ ತುಂಬಿಕೊಂಡು ರಾಯಚೂರಿನಲ್ಲಿ ಬಸ್ಸು ಹತ್ತಿದ. ಎಂಬತ್ಮೂರರ ಬೇಸಿಗೆ. ಬಸ್ಸಿನ ತಗಡು ಮುಟ್ಟಿದರೆ ಕೈ ಸುಡುತ್ತಿತ್ತು.

ಗಿರಣಿ ಸಾಹುಕಾರ ಮಹಾಂತಯ್ಯನ ಮನೆಯ ಪಡಸಾಲೆಯಲ್ಲಿ ಮಗಳು ನೀಲಗಂಗಾ ಅವನ ಮುಂದೆ ಹಿತ್ತಾಳೆ ತಟ್ಟೆ ತಂದಿಟ್ಟಳು. ತಟ್ಟೆಯಲ್ಲಿ ಗೇಣುದ್ದದ ಹಸಿರು ರೈಲು ಎಂಜಿನ್. ಅದರ ಹಣೆಗೆ ವಿಭೂತಿ.

"ಇದಕ್ಕ ಇಷ್ಟು ದೊಡ್ಡ ಪಾನಾ ತಂದಿಯೇನು, ಗದ್ದೆಪ್ಪ?"

ತುಟಿ ನಗಲಿಲ್ಲ, ಕಣ್ಣಷ್ಟೇ ನಕ್ಕಿತು. ಎರಡು ವರ್ಷದಿಂದ ಗಿರಣಿ ರಿಪೇರಿಗೆ ಬರುವವನಿಗೆ ಆ ಕಣ್ಣು ಚೆನ್ನಾಗಿ ಗೊತ್ತು. ಉಳಿದವರೆಲ್ಲ ಅವನನ್ನು ಮೇಸ್ತ್ರಿ ಅನ್ನುತ್ತಿದ್ದರು. ಇವಳೊಬ್ಬಳೇ ಹೆಸರು ಹಿಡಿದು ಕೂಗುವವಳು. ಆ ಬಾಯಲ್ಲಿ ತನ್ನ ಹೆಸರು ಕೇಳಲೆಂದೇ ಅವನು ಒಂದು ದಿನದ ಕೆಲಸವನ್ನು ಎರಡು ದಿನ ಎಳೆಯುತ್ತಿದ್ದ.

"ಇದು ಆಟದ ಸಾಮಾನಲ್ಲ" ಅಂದ ಮಹಾಂತಯ್ಯ, ಹಗ್ಗದ ಮಂಚದಿಂದ. "ನನ್ನ ಮಗ."

ಗೋಡೆಯ ಮೇಲೆ ಈರಯ್ಯನ ಫೋಟೋ ಇತ್ತು. ಕರೆಂಟಿನ ಕೆಲಸ ಕಲಿಯಲು ಜರ್ಮನಿಗೆ ಹೋಗಿದ್ದ ಹುಡುಗ. ಹಳೇ ಕಾಲದ ಕರೆಂಟ್ ಎಂಜಿನ್ನಿನ ಈ ನಕಲು, ಜೊತೆಗೆ ಅದಕ್ಕೆ ಕರೆಂಟ್ ಕೊಡುವ ತಿರುಪಿನ ಡಬ್ಬಿ, ಅವನು ಅಲ್ಲಿಂದ ತಂದದ್ದು. ಅಲ್ಲಿಯ ಜನ ಈ ಎಂಜಿನ್ನಿಗೆ ಮೊಸಳೆ ಅನ್ನುತ್ತಾರೆ ಎಂದು ಕಾಗದದಲ್ಲಿ ಬರೆದಿದ್ದ. ಮರಳಿ ಬಂದು ಆರು ತಿಂಗಳಿಗೆ ದೇವದುರ್ಗದ ಹತ್ತಿರ ಕೃಷ್ಣೆಯಲ್ಲಿ ಹರಗೋಲು ಮಗುಚಿತು. ಹೆಣ ಸಿಗಲಿಲ್ಲ. ಮೊಸಳೆ ಎಳೆದೊಯ್ದಿತು ಅಂದರು.

"ಮೊಸಳಿ ಹೊಟ್ಟ್ಯಾಗ ಹೋದಾಂವ ಮೊಸಳಿ ಹೊಟ್ಟ್ಯಾಗಿಂದನ ಮಾತಾಡ್ತಾನ" ಅಂದ ಮಹಾಂತಯ್ಯ, ಮಳೆ ಬರಬಹುದು ಅನ್ನುವವನಂತೆ.

ದೇವರ ಮುಂದೆ ಹೂ ಇಟ್ಟು ಅಪ್ಪಣೆ ಕೇಳುವಂತೆ ಅವನು ಮಗಳ ಪ್ರತಿ ಸಂಬಂಧಕ್ಕೂ ಎಂಜಿನ್ನನ್ನು ಕೇಳುತ್ತಿದ್ದ. ಪಡಸಾಲೆಯ ಹಲಗೆಗೆ ಹಳಿ ಬಡಿದು ಕೂರಿಸಿದ್ದರು. ಒಂದು ತುದಿ ತಲಬಾಗಿಲಿಗೆ, ಇನ್ನೊಂದು ಈರಯ್ಯನ ಫೋಟೋಕ್ಕೆ. ತಿರುಪು ಬಲಕ್ಕೆ ತಿರುವಬೇಕು. ಬಾಗಿಲ ಕಡೆ ಓಡಿದರೆ ಅಣ್ಣ ತಂಗಿಯನ್ನು ಕಳಿಸುತ್ತಾನೆ. ಫೋಟೋ ಕಡೆ ಓಡಿದರೆ ಒಲ್ಲೆ ಅನ್ನುತ್ತಾನೆ. ಮೂರು ಸಂಬಂಧಕ್ಕೂ ಒಲ್ಲೆ ಅಂದಿದ್ದ.

"ಸೋಮವಾರ ದೇವದುರ್ಗದ ಹತ್ತಿ ವ್ಯಾಪಾರಿ ಶರಣಯ್ಯನ ಮನಿಯವರು ನಾಕರ ಬಸ್ಸಿಗೆ ಬರ್ತಾರ. ಅಷ್ಟ್ರಾಗ ಇದು ಓಡಬೇಕು."

ಗದ್ದೆಪ್ಪನ ಕಿವಿ ಬಿಸಿಯಾಯಿತು. ಏಳನೇ ಇಯತ್ತೆಯಲ್ಲಿ, ಕುರಿ ಕಾಯುವವರ ಮಗನಿಗೆ ಲೆಕ್ಕ ಯಾಕೆ ಅಂದ ಮಾಸ್ತರನ ಮೇಲೆ ಪಾಟಿ ಎಸೆದು ಶಾಲೆ ಬಿಟ್ಟವನು ಅವನು. ಅದೇ ಸಿಟ್ಟು ಈಗ ಮತ್ತೆ ಬಂತು. ಎಸೆಯಲು ಕೈಯಲ್ಲಿ ಏನೂ ಇರಲಿಲ್ಲ.

ನೀಲಗಂಗಾ ಎಂಜಿನ್ ಬಟ್ಟೆಯಲ್ಲಿ ಸುತ್ತಿಕೊಟ್ಟಳು. ಕೊಡುವಾಗ ಡಬ್ಬಿಯಿಂದ ಹಳಿಗೆ ಹೋಗುವ ಎರಡು ತಂತಿಗಳ ಮೇಲೆ ಬೆರಳಾಡಿಸಿ, ಒಂದರ ಮೇಲೊಂದು ಬೆರಳು ದಾಟಿಸಿ, ಅವನನ್ನೇ ನೋಡಿದಳು. ರೆಪ್ಪೆ ಒಮ್ಮೆ ಮುಚ್ಚಿ ತೆರೆಯಿತು.

ತಂತಿ ಅದಲು ಬದಲು ಮಾಡು. ಅವನಿಗೆ ಹಾಗೇ ತಿಳಿಯಿತು.

ರಾಯಚೂರಿನ ಅಂಗಡಿಯಲ್ಲಿ ಮಾಲೀಕ ಜಿಲಾನಿ ಪಾಷಾ ಕನ್ನಡಕ ಏರಿಸಿ ನೋಡಿದ. "ಅರೇ, ಹತ್ತು ಎಚ್‌ಪಿ ಮೋಟಾರಿಗೆ ಹೋದವ ಹಲ್ಲಿ ತಂದೀಯಲ್ಲೋ."

"ಮೊಸಳಿ ಅಂತ, ಚಾಚಾ."

ಎರಡೂ ಕಡೆ ಉದ್ದ ಮೂತಿ, ಎರಡೂ ಕಡೆ ಡ್ರೈವರ್ ಕೋಣೆ, ಮಾಡಿನ ಮೇಲೆ ತಂತಿ ಮುಟ್ಟಲು ಮಡಚುವ ಚೌಕಟ್ಟು. ಬದಿಗೆ ಸಾಸಿವೆಗಿಂತ ಸಣ್ಣಕ್ಕೆ ಬರೆದ ನಂಬರು. ಹೊಗೆ ಕೊಳವೆಯೇ ಇಲ್ಲ. ಕಲ್ಲಿದ್ದಲಿನ ಎಂಜಿನ್ ನೋಡಿ ಬೆಳೆದ ಗದ್ದೆಪ್ಪನಿಗೆ ಅದು ಉಸಿರಾಡದೆ ಬದುಕಿದ ಜೀವದಂತೆ ಕಂಡಿತು. ಮಾಡು ಬಿಚ್ಚಿದ. ಒಂದು ಕೋಣೆಯಲ್ಲಿ ಅಕ್ಕಿ ಕಾಳಿನಷ್ಟು ಡ್ರೈವರ್ ನಿಂತಿದ್ದ, ನೀಲಿ ಅಂಗಿ. ಚಿಮಟಿಯಿಂದ ಅಲುಗಿಸಿ ನೋಡಿದ. ಕಾಲಿಗೆ ಗಟ್ಟಿ ಅಂಟು, ಅಲುಗಲಿಲ್ಲ. ಅಂಗಡಿಯ ಸೆಕೆಯಲ್ಲಿಯೂ ಆ ತಗಡು ಮಾತ್ರ ಬಾವಿಯಿಂದ ಎತ್ತಿದಂತೆ ತಣ್ಣಗಿತ್ತು.

ಮೂರು ದಿನ ಅದರ ಸುಟ್ಟ ಮೋಟಾರಿಗೆ ಕೂದಲಿನಂಥ ತಂತಿ ಸುತ್ತಿದ. ಕೊನೆಗೆ ಒಳಗಿನ ಎರಡು ತುದಿಗಳನ್ನು ಅದಲು ಬದಲು ಮಾಡಿ ಬೆಸೆದ. ತಂತಿ ಸರಿ ಇದ್ದರೆ ತಿರುಪು ಬಲಕ್ಕೆ ತಿರುವಿದಾಗ ಬಾಗಿಲ ಕಡೆ ಓಡುವ ಎಂಜಿನ್ ಈಗ ಫೋಟೋ ಕಡೆಗೇ ಓಡಬೇಕು.

ಸೋಮವಾರ ಮಧ್ಯಾಹ್ನ ಎರಡು ಗಂಟೆ. ಗಿರಣಿ ನಿಂತು ಊರೇ ಕಿವುಡಾದಂತಿತ್ತು. ಗದ್ದೆಪ್ಪ ಎಂಜಿನ್ನನ್ನು ಹಳಿಯ ಮೇಲಿಟ್ಟ. ನೀಲಿ ಅಂಗಿಯವನ ಕೋಣೆ ಫೋಟೋ ಕಡೆಗಿತ್ತು. ಮಹಾಂತಯ್ಯ ಊದುಬತ್ತಿ ಹಚ್ಚಿದ. "ಈರಯ್ಯ, ತಂಗೀನ ಕಳಸ್ತೀಯೇನಪ್ಪಾ?"

ತಿರುಪು ಬಲಕ್ಕೆ ತಿರುಗಿತು. ಮೂತಿಯ ಮೂರು ದೀಪ ಹತ್ತಿದವು. ಎಂಜಿನ್ ನಡುಗಿ, ಮೆಲ್ಲಗೆ ಬಾಗಿಲ ಕಡೆ ಹೊರಟಿತು.

ಗದ್ದೆಪ್ಪ ನೀಲಗಂಗಾಳನ್ನು ನೋಡಿದ. ಅವಳ ಮುಖ ಬೂದಿಯಾಗಿತ್ತು.

"ಕಳಸ್ತಾನ" ಅಂದ ಮಹಾಂತಯ್ಯ. ಕಣ್ಣಲ್ಲಿ ನೀರು. "ನನ್ನ ಮಗ ಒಪ್ಪಿದ."

"ನಿಮ್ಮ ಮಗ ಅಲ್ರಿ." ಗದ್ದೆಪ್ಪನ ದನಿ ಬಿರುಸಾಗಿತ್ತು. "ತಂತಿ ಒಪ್ಪೈತಿ. ಫೋಟೋ ಕಡಿ ಓಡ್ಲಿ ಅಂತ ನಾ ಒಳಗ ತಂತಿ ಬದಲ್ ಮಾಡಿದ್ದೆ. ಹೆಂಗ ಉಲ್ಟಾ ಆತೋ ಗೊತ್ತಿಲ್ಲ. ಬೇಕಾದ್ರ ಹೊಡೀರಿ."

"ನಾನೂ ಹೊರಗ ಡಬ್ಬಿ ತಂತಿ ಬದಲ್ ಮಾಡಿದ್ದೆ ಯಪ್ಪಾ, ಎರಡೂ ಕೂಡಿ ಮತ್ತ ಸರಿ ಆತು" ಅಂದಳು ನೀಲಗಂಗಾ. ಆಮೇಲೆ ಅವನತ್ತ ತಿರುಗಿ, "ಬೆರಳು ದಾಟ್ಸಿ ತೋರ್ಸಿದ್ನಲ್ಲ, ಅದು ನನ್ನ ಕೆಲಸ, ನೀ ಮುಟ್ಟಬ್ಯಾಡ ಅಂತ."

"ನನಗ 'ನೀನ ಮಾಡು' ಅಂದಂಗಾತು."

"ಕಣ್ಣಿನ ಮಾತು ಓದಾಕೂ ಶಾಲಿಗೆ ಹೋಗಬೇಕಾಗಿತ್ತೇನು."

ಮಹಾಂತಯ್ಯ ಡಬ್ಬಿಯ ತಂತಿ ಕಿತ್ತುಹಾಕಿದ. ಎಂಜಿನ್ ನಡುಹಳಿಯಲ್ಲಿ ನಿಂತಿತು. "ಹಿಂದಿನ ಮೂರೂ ಸಲ ನೀನ ಮಾಡಿದ್ಯಾ?"

"ಎರಡ್ ಸಲ. ಮೊದಲನೇ ಸಲ ನಾ ಮುಟ್ಟಿದ್ದಿಲ್ಲ."

ಊದುಬತ್ತಿಯ ಹೊಗೆ ನೆಟ್ಟಗೆ ನಿಂತಿತ್ತು. ಮುದುಕ ಕುಸಿದು ಕೂತ. ಕೂತಲ್ಲಿಂದಲೇ ಕೇಳಿದ, "ಹಂಗಾರ ಇನ್ನ ಯಾರ್ನ ಕೇಳ್ಲಿ ನಾನು?"

"ನನ್ನ ಕೇಳು."

ಅವನು ಮಗಳನ್ನು ಹೊಸದಾಗಿ ನೋಡುವವನಂತೆ ನೋಡಿದ. "ಯಾರ್ ಬೇಕವ್ವಾ ನಿನಗ?"

ಅವಳು ಸೆರಗು ಎಳೆದುಕೊಂಡಳು. "ಅಲ್ಲಿ ನಿಂತಾರಲ್ಲ, ಸಿಟ್ಟಿನವರು. ಅವರು."

ಗದ್ದೆಪ್ಪ ಅವಳತ್ತ ತಿರುಗಿದ. ಹೆಸರು ಹೇಳಲಿಲ್ಲ. ಗಂಡನ ಹೆಸರು ಹೇಳದ ಹಾಗೆ, ಅವಳು ಹೆಸರು ಹೇಳಲಿಲ್ಲ.

ಮಹಾಂತಯ್ಯನಿಗೂ ಅದು ಕೇಳಿಸಿತು. ಕುರಿಗಾರರ ಮಗ ಎಂಬ ಮಾತು ಅವನ ನಾಲಿಗೆಯ ತನಕ ಬಂದದ್ದು ಕಂಡಿತು. ಆದರೆ ಅವನು ಅದನ್ನು ನುಂಗಿ, ಚಪ್ಪಲಿ ಮೆಟ್ಟಿದ. "ಸತ್ತವನ ಮಾತು ಇಷ್ಟು ದಿನ ಕೇಳ್ದೆ, ಇದ್ದಾಕಿದು ಕೇಳ್ಲಿಲ್ಲ. ನಾಕರ ಬಸ್ಸಿಗೆ ಬರೋರ ಕಾಲು ಹಿಡಕೊಂಡು ಬರ್ತೀನಿ. ನೀ ಹೊಳ್ಳಿ ಹೋಗಬ್ಯಾಡಪಾ, ಕುಂದ್ರು."

ಅವನು ಹೊರಟು ಹೋದ.

"ಒಮ್ಮೆ ಹೆಸರು ಹಿಡದು ಕೂಗು" ಅಂದ ಗದ್ದೆಪ್ಪ.

"ಇನ್ನ ಕೂಗಂಗಿಲ್ರಿ."

ಅವನು ನಗುತ್ತ ತಂತಿ ಸುತ್ತಿಡಲು ಬಗ್ಗಿದ. ಕೈ ಅಲ್ಲೇ ನಿಂತಿತು. ಫೋಟೋ ಕಡೆಯ ಕೋಣೆ ಖಾಲಿಯಿತ್ತು. ನೀಲಿ ಅಂಗಿಯವನು ಬಾಗಿಲ ಕಡೆಯ ಕೋಣೆಯಲ್ಲಿ, ತೆರೆದ ಬಾಗಿಲಿನಾಚೆಯ ಬಿಸಿಲು ನೋಡುತ್ತ ನಿಂತಿದ್ದ.

ಪಕ್ಕದಲ್ಲಿ ಬಂದು ಕೂತ ನೀಲಗಂಗಾಳ ಬಳೆ ಸದ್ದು ಮಾಡಲಿಲ್ಲ. "ಮೊದಲನೇ ಸಲಾನೂ ಅಣ್ಣ ಹಿಂಗ ದಾಟಿದ್ದ, ಆವಾಗ ಫೋಟೋ ಕಡಿಗೆ" ಅಂದಳು ಮೆಲ್ಲಗೆ. "ಯಪ್ಪಗ ಹೇಳಬ್ಯಾಡ್ರಿ."

ಅವನು ಅವಳ ಕೈ ಹಿಡಿದ. ತಣ್ಣಗಿತ್ತು. ಹಿಡಿದೇ ಇದ್ದ, ಬೆಚ್ಚಗಾಗುವ ತನಕ.