ಹನ್ನೆರಡು ಸೆಕೆಂಡಿನ ತಪ್ಪು

"ಏನ್ರೀ ಇದು? ನಂಗ್ಯಾಕೆ ಕೊನೇ ಹೀಟು?"

ಗೋಡೆಗೆ ಅಂಟಿಸಿದ ಪಟ್ಟಿಯನ್ನು ನರ್ಸ್ ಹುಡುಗಿಯ ಬೆರಳು ಕುಟ್ಟುತ್ತಿತ್ತು. ಪಟ್ಟಿ ಬರೆದ ಮೆಕ್ಯಾನಿಕ್ಕನ ಎದೆ ಅದಕ್ಕಿಂತ ಜೋರಾಗಿ ಕುಟ್ಟಿತು. ಹಗಲೆಲ್ಲ ಮೋಟಾರ್ ರಿಪೇರಿ ಮಾಡುವವನಿಗೆ, ಕ್ಲಬ್ಬಿನಲ್ಲಿ ದೊಡ್ಡವರ ಈಜು ಪಂದ್ಯ ಬಂತೆಂದರೆ ಈ ಪಟ್ಟಿ ಬರೆಯುವುದೊಂದು ಹೊಣೆ. ಎಂಟೆಂಟು ಜನ ಒಟ್ಟಿಗೆ ಈಜುವ ಸುತ್ತಿಗೆ ಹೀಟು ಅಂತ ಹೆಸರು. ನಿಧಾನದವರು ಮೊದಲ ಹೀಟಿನಲ್ಲಿ, ಚುರುಕಿನವರು ಕೊನೆಯದರಲ್ಲಿ.

"ಅರ್ಜೀಲಿ ಐವತ್ತೈದು ಸೆಕೆಂಡ್ ಅಂತ ಬರ್ದಿದ್ರಿ. ನೀವು ನಲವತ್ತಮೂರಕ್ಕೇ ಮುಟ್ತೀರಿ, ನಾನೇ ನೋಡಿದ್ದೀನಿ. ಅದಕ್ಕೇ ತಿದ್ದಿದೆ."

"ಬೇಕಂತಲೇ ಬರ್ದಿದ್ದೆ ಕಣ್ರೀ! ಮೊದಲು ಈಜಿ ಓಡೋಣ ಅಂತ. ಹತ್ತೂವರೆಗೆ ಡ್ಯೂಟಿ. ಮೂರನೇ ಸಲ ತಡವಾದ್ರೆ ಕೆಲಸವೇ ಇರಲ್ಲ. ಆರು ತಿಂಗಳು ಒದ್ದಾಡಿದ್ದೀನಿ, ಈಜದೇ ಹೋಗ್ಲಾ ಈಗ?"

ಮೊದಲ ಹೀಟು ಹತ್ತಕ್ಕೆ, ಕೊನೆಯದು ಹನ್ನೊಂದಕ್ಕೆ. ಗಡಿಯಾರದಲ್ಲಿ ಆಗಲೇ ಒಂಬತ್ತು ಐವತ್ತು. ಉಪಕಾರ ಮಾಡಲು ಹೋಗಿ ಅವಳ ಅನ್ನಕ್ಕೇ ಕಲ್ಲು ಹಾಕಿದ್ದ, ದಡ್ಡ ಶಿಖಾಮಣಿ.

ಮೊದಲ ಹೀಟಿನಲ್ಲಿ ಎಂಟನೇ ಲೇನ್ ಖಾಲಿಯಿತ್ತು. ಇಬ್ಬರೂ ರೆಫರಿ ಮೇಡಂ ಬಳಿಗೆ ಓಡಿದರು. ಆಕೆ ಕನ್ನಡಕದ ಮೇಲಿಂದ ನೋಡಿದರು.

"ಅಂಟಿಸಿದ ಪಟ್ಟಿ ಬದಲಾಯಿಸೋ ಹಾಗಿಲ್ಲ. ತಪ್ಪು ನಮ್ಮದೇ ಆದ್ರೆ ಮಾತ್ರ."

"ನಂದೇ ಮೇಡಂ. ಇವರನ್ನ ಕೇಳದೆ ಟೈಮ್ ತಿದ್ದಿದೆ."

"ತೊಂಬತ್ತು ಜನರಲ್ಲಿ ಇವಳದೊಂದೇನಾ?"

ಅವನು ನೆಲ ನೋಡಿದ. ಗಡಿಯಾರದ ಮುಳ್ಳಿಗೇನು, ಅದು ಯಾರಿಗೂ ಕಾಯುವುದಿಲ್ಲ.

"ಬಾಯಲ್ಲಿ ನೀರು ತುಂಬ್ಕೊಂಡಿದ್ದೀಯೇನಪ್ಪಾ? ಮಿಕ್ಕೋರದ್ದು ಯಾಕೆ ತಿದ್ದಿಲ್ಲ?"

"ಮಿಕ್ಕೋರನ್ನ ನಾನು ನೋಡೋದೇ ಇಲ್ಲ ಮೇಡಂ."

ಹುಡುಗಿಯ ಕಿವಿ ಕೆಂಪಾಯಿತು. ಕೋಪವೋ ನಾಚಿಕೆಯೋ, ಹಾಳಾದ್ದು ಅವನಿಗೆ ಗೊತ್ತಾಗಲಿಲ್ಲ. ಮೇಡಂ ಮಾತ್ರ ನಗು ನುಂಗಿಕೊಂಡು ಪಟ್ಟಿಯ ಮೇಲೆ ಗೀಟು ಎಳೆದರು.

"ಎಂಟನೇ ಲೇನ್. ಓಡಮ್ಮಾ."

ಹತ್ತೂ ಹತ್ತಕ್ಕೆ ಅವಳು ಸಮವಸ್ತ್ರ ತೊಟ್ಟು ಬಾಗಿಲಿಗೆ ಬಂದಳು. ಕೂದಲಿನ ನೀರು ಕಾಲರಿನೊಳಗೆ ಇಳಿಯುತ್ತಿತ್ತು. ಅವನು ಅಲ್ಲೇ ನಿಂತಿದ್ದ, ಏಟು ತಿನ್ನಲು ಬಂದವನ ಹಾಗೆ.

"ನಲವತ್ತೆರಡು," ಎಂದ.

"ಅದಿರ್ಲಿ. ಅಲ್ಲಿ ಹೇಳಿದ್ದು ಪಟ್ಟಿ ಬದಲಾಯಿಸೋಕಾ, ನಿಜವಾಗ್ಲೂನಾ?"

"ನಿಜವಾಗ್ಲೂ."

ಅವಳ ಕಣ್ಣು ಅವನ ಗ್ರೀಸ್ ಮೆತ್ತಿದ ಉಗುರುಗಳಿಂದ ಮುಖದವರೆಗೆ ನಿಧಾನವಾಗಿ ಹತ್ತಿತು.

"ಇನ್ಮೇಲೆ ನನ್ನದೇನಾದ್ರೂ ತಿದ್ದೋ ಮೊದಲು ನನ್ನನ್ನ ಕೇಳ್ಬೇಕು."

"ಕೇಳ್ತೀನಿ. ಡ್ಯೂಟಿ ಮುಗಿಯೋ ಹೊತ್ತಿಗೆ... ಬರ್ಲಾ?"

ಅವಳು ಆಗಲೇ ಮೆಟ್ಟಿಲಿಳಿದು ಓಡುತ್ತಿದ್ದಳು.

"ಏಳಕ್ಕೆ ಬನ್ನಿ! ಆಸ್ಪತ್ರೆ ಗೇಟಿನ ಹೊರಗೇ ನಿಲ್ಲಿ. ಒಳಗೆ ಬಂದ್ರೆ ಮೇಟ್ರನ್ ಯಾಕೆ ಅಂತ ಕೇಳ್ತಾರೆ, ನೀವು ಹೇಳೇಬಿಡ್ತೀರಿ!"